ಎಣ್ಣೆ ಸೋರುವುದು ಎಲ್ಲಿಂದ?

(ತಾಳವಾಡಿ ಸೀಮೆಯ ಮೋಟಾರು ದುರಸ್ತಿ ಕೆಲಸಗಾರರ ಕೂಟದಲ್ಲಿ ಆಡಿದ ಮಾತುಗಳು)



ಇಂದು ನಾವು ಮಾತನಾಡಬೇಕೆಂದಿರುವುದು ಶೆಡ್ಡಿನ ನೆಲದ ಮೇಲೆ ಬೀಳುವ ಒಂದು ತೊಟ್ಟು ಎಣ್ಣೆಯ ವಿಷಯ. ತೊಟ್ಟು ಚಿಕ್ಕದು. ಆದರೆ ಅದರ ಹಿಂದೆ ಒಬ್ಬನ ಪ್ರಾಣ, ಒಬ್ಬನ ಹಣ, ಇನ್ನೊಬ್ಬನ ಕೂಲಿ ಇವೆ. ಆದುದರಿಂದ ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ಬೇಡುತ್ತೇವೆ.

ಇಂಜಿನು ಬಿಚ್ಚಿ, ಬ್ಲಾಕಿಗೆ ಬೋರು ಮಾಡಿಸಿ, ಹೊಸ ಪಿಸ್ಟನ್ನು, ಹೊಸ ರಿಂಗು ಹಾಕಿ, ಎಲ್ಲವನ್ನೂ ಜೋಡಿಸಿ ಗಾಡಿ ಕಳುಹಿಸುತ್ತೇವೆ. ಎಂಟು ದಿನದಲ್ಲಿ ಗಾಡಿಯ ಯಜಮಾನ ತಿರುಗಿ ಬರುತ್ತಾನೆ. "ಹಿಂದೆ ಸೋರುತ್ತಿರಲಿಲ್ಲ, ನೀವು ಮುಟ್ಟಿದ ಮೇಲೆ ಸೋರುತ್ತಿದೆ" ಎನ್ನುತ್ತಾನೆ. ಈ ಮಾತನ್ನು ಕೇಳದ ಕೆಲಸಗಾರ ನಮ್ಮಲ್ಲಿ ಯಾರೂ ಇರಲಾರರು. ಆಗ ನಾವು ಏನು ಮಾಡುತ್ತೇವೆ ಎಂಬುದರಲ್ಲಿ ನಮ್ಮ ಕಸಬು ಗೊತ್ತಾಗುತ್ತದೆ.

ಉದಾಹರಣೆಗೆ ನಮಗೆಲ್ಲ ಪರಿಚಯವಿರುವ ಹಳೆಯ ಬುಲೆಟ್ 350ನ್ನೇ ತೆಗೆದುಕೊಳ್ಳೋಣ. 1955ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾದ ಎನ್‌ಫೀಲ್ಡ್ ಇಂಡಿಯಾ ಕಂಪನಿಯಿಂದ ಬಂದ ಗಾಡಿ ಇದು. ಬ್ಲಾಕು ಎರಕದ ಕಬ್ಬಿಣ, ಹೆಡ್ಡು ಅಲ್ಯೂಮಿನಿಯಂ. ಬೋರು 70 ಮಿಲಿಮೀಟರ್, ಸ್ಟ್ರೋಕು 90 ಮಿಲಿಮೀಟರ್, ಒಟ್ಟು 346 ಸಿ.ಸಿ. ಆ ಕಬ್ಬಿಣದ ಬ್ಲಾಕಿನ ಇಂಜಿನು ಈಗ ಕಾರ್ಖಾನೆಯಿಂದ ಬರುತ್ತಿಲ್ಲ. ಬಂದವು ಮಾತ್ರ ನಮ್ಮ ಬೆಟ್ಟದ ಹಾದಿಗಳಲ್ಲಿ, ನೀಲಗಿರಿಯಲ್ಲಿ, ಹೊಸೂರಿನ ಕಡೆ ಇನ್ನೂ ಓಡುತ್ತಿವೆ. ಎರಡು ಮೂರು ಸಲ ಬಿಚ್ಚಿ ಜೋಡಿಸಿದ ಇಂಜಿನುಗಳೇ ಅವುಗಳಲ್ಲಿ ಹೆಚ್ಚು.

"ಬುಲೆಟ್ಟು ಅಂದಮೇಲೆ ಸೋರಲೇಬೇಕು, ಸೋರದಿದ್ದರೆ ಒಳಗೆ ಎಣ್ಣೆಯೇ ಇಲ್ಲವೆಂದು ಅರ್ಥ" ಎಂಬ ಹಾಸ್ಯದ ಮಾತು ನಮ್ಮಲ್ಲಿ ಉಂಟು. ಈ ಹಾಸ್ಯದ ಮರೆಯಲ್ಲಿ ಬಹಳ ಸೋಮಾರಿತನ ಅಡಗಿದೆ. ಇಂಜಿನು ಸೋರಲೇಬೇಕೆಂಬ ನಿಯಮವಿಲ್ಲ. ಸೋರಿದರೆ ಅದಕ್ಕೊಂದು ಕಾರಣವುಂಟು. ಆ ಕಾರಣವನ್ನು ಹುಡುಕಬಹುದು.

ಮೊದಲು, ಸೋರಿದರೆ ಏನಾಗುತ್ತದೆಂದು ನೋಡೋಣ. ತಾಳವಾಡಿಯಿಂದ ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಾಟಿ ಇಳಿಯಬೇಕು. 27 ಹೇರ್‌ಪಿನ್ ತಿರುವುಗಳು. ಇಂಜಿನಿನಿಂದ ಅಥವಾ ಗೇರ್ ಬಾಕ್ಸಿನಿಂದ ಸೋರಿದ ಎಣ್ಣೆ ಗಾಳಿಗೆ ಹಿಂದಕ್ಕೆ ಹೋಗುತ್ತದೆ. ಹಿಂದೆ ಇರುವುದು ಹಿಂಬದಿಯ ಚಕ್ರ. ಟಯರಿನ ಅಂಚಿಗೆ ಎಣ್ಣೆ ಹತ್ತಿದ ಗಾಡಿ ನೇರ ದಾರಿಯಲ್ಲಿ ಏನನ್ನೂ ತೋರಿಸುವುದಿಲ್ಲ. ತಿರುವಿನಲ್ಲಿ ಗಾಡಿ ಬಾಗಿದಾಗಲೇ ಆ ಅಂಚು ರಸ್ತೆಯನ್ನು ಮುಟ್ಟುತ್ತದೆ. ಹಿಂದೆ ಹೆಂಡತಿ ಮಕ್ಕಳು ಕುಳಿತಿರುತ್ತಾರೆ, ಇಲ್ಲವೇ ತರಕಾರಿ ಮೂಟೆ ಇರುತ್ತದೆ. ಮುಂದೆ ಏನಾಗುತ್ತದೆಂದು ನಾವು ಹೇಳಬೇಕಾಗಿಲ್ಲ. ಇನ್ನು ಎಣ್ಣೆ ಕಡಿಮೆಯಾದ ಇಂಜಿನಿನಲ್ಲಿ ಬಿಗ್ ಎಂಡ್ ಬೇರಿಂಗ್ ಹಾಳಾಗುತ್ತದೆ, ಪಿಸ್ಟನ್ನು ಹಿಡಿದುಕೊಳ್ಳುತ್ತದೆ. ಸಾವಿರಾರು ರೂಪಾಯಿ ಖರ್ಚು ಮಾಡಿ ಬಿಚ್ಚಿಸಿದ ಇಂಜಿನನ್ನು ಮತ್ತೆ ಬಿಚ್ಚಬೇಕಾಗುತ್ತದೆ.

ನೋಡುವ ಕ್ರಮ

ಸೋರುವ ಗಾಡಿ ಬಂದ ಕೂಡಲೇ ಸ್ಪ್ಯಾನರಿಗೆ ಕೈ ಹಾಕಬಾರದು. ಎಲ್ಲ ಬೋಲ್ಟುಗಳನ್ನೂ ಅರ್ಧ ಸುತ್ತು ಬಿಗಿ ಮಾಡಿ, ಒದ್ದೆಯಾದ ಕಡೆಗೆಲ್ಲ ಅಂಟು ಮೆತ್ತಿ ಕಳುಹಿಸುವುದು ದುರಸ್ತಿಯಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯ ಹಾಗೆ ಅದು.

ಎಣ್ಣೆ ಕಂಡ ಜಾಗವೇ ಎಣ್ಣೆ ಹೊರಟ ಜಾಗವೆಂದು ತಿಳಿಯಬೇಡಿ. ಎಣ್ಣೆ ತನ್ನ ಭಾರಕ್ಕೆ ಕೆಳಕ್ಕೆ ಇಳಿಯುತ್ತದೆ. ಗಾಡಿಯ ಓಟದ ಗಾಳಿಗೆ ಹಿಂದಕ್ಕೆ ಹರಡುತ್ತದೆ. ಹೆಡ್ಡಿನ ಮೇಲಿನ ರಾಕರ್ ಕವರಿನಿಂದ ಹೊರಟದ್ದು ಬ್ಲಾಕಿನ ರೆಕ್ಕೆಗಳ ನಡುವೆ ಇಳಿದು, ಕ್ರ್ಯಾಂಕ್ ಕೇಸಿನ ಮೇಲೆ ಹರಿದು, ಕೊನೆಗೆ ಡ್ರೈನ್ ಬೋಲ್ಟಿನ ತುದಿಯಲ್ಲಿ ತೊಟ್ಟಾಗಿ ನಿಲ್ಲುತ್ತದೆ. ನೋಡಿದವನು ಡ್ರೈನ್ ಬೋಲ್ಟು ಸೋರುತ್ತಿದೆ ಎನ್ನುತ್ತಾನೆ. ಆದುದರಿಂದ ಒದ್ದೆಯಾದ ಜಾಗಗಳಲ್ಲಿ ಅತ್ಯಂತ ಮೇಲಿನದು ಯಾವುದು, ಅತ್ಯಂತ ಮುಂದಿನದು ಯಾವುದು ಎಂಬುದನ್ನು ಹುಡುಕಬೇಕು.

ಕ್ರಮ ಹೀಗೆ. ಇಂಜಿನು ತಣ್ಣಗಾದ ಮೇಲೆ ಸೀಮೆಎಣ್ಣೆ ಮತ್ತು ಬ್ರಷ್ಷಿನಿಂದ ಪೂರ್ತಿ ತೊಳೆಯಿರಿ. ರೆಕ್ಕೆಗಳ ಸಂದುಗಳನ್ನೂ ಬಿಡಬೇಡಿ. ಬಟ್ಟೆಯಿಂದ ಒರಸಿ ಚೆನ್ನಾಗಿ ಒಣಗಲು ಬಿಡಿ. ಅನಂತರ ಸೀಮೆಸುಣ್ಣದ ನುಣ್ಣನೆಯ ಪುಡಿಯನ್ನೋ ಮೈಗೆ ಹಚ್ಚುವ ಪೌಡರನ್ನೋ ಕೂಡುಗಳ ಮೇಲೆಲ್ಲ ತೆಳ್ಳಗೆ ಉದುರಿಸಿ. ಇಂಜಿನನ್ನು ಚಾಲೂ ಮಾಡಿ ನಿಂತಲ್ಲೇ ಬಿಸಿಯಾಗಲು ಬಿಡಿ. ಬಿಳಿಯ ಪುಡಿಯಲ್ಲಿ ಮೊದಲು ಕಪ್ಪಾಗುವ ಗೆರೆ ಯಾವುದೋ ಅದೇ ನಿಮ್ಮ ಜಾಗ. ನಿಂತಲ್ಲಿ ಏನೂ ಕಾಣದಿದ್ದರೆ ನಾಲ್ಕೈದು ಮೈಲಿ ಓಡಿಸಿ, ಇಳಿದ ಕೂಡಲೇ ಟಾರ್ಚು ಹಿಡಿದು ನೋಡಿ. ಒಂದು ಗಂಟೆಯ ಈ ಕೆಲಸ ಒಂದು ದಿನದ ಕೆಲಸವನ್ನು ಉಳಿಸುತ್ತದೆ.

ಮತ್ತೊಂದು ಮಾತು. ಸೋರುತ್ತಿರುವುದು ಯಾವ ಎಣ್ಣೆ? ಹಳೆಯ ಬುಲೆಟ್ಟಿನಲ್ಲಿ ಇಂಜಿನಿನ ಎಣ್ಣೆ ಬೇರೆ, ಎಡಗಡೆ ಕ್ಲಚ್ ಕವರಿನೊಳಗಿನ ಎಣ್ಣೆ ಬೇರೆ, ಗೇರ್ ಬಾಕ್ಸಿನೊಳಗಿನದು ಬೇರೆ. ಬೆರಳಿಗೆ ತೆಗೆದುಕೊಂಡು ಬಣ್ಣ ನೋಡಿ, ಉಜ್ಜಿ ನೋಡಿ, ಮೂಸಿ ನೋಡಿ. ಕಪ್ಪಾಗಿ ತೆಳ್ಳಗಿದ್ದರೆ ಇಂಜಿನಿನದು. ಗ್ರೀಸಿನ ಹಾಗೆ ದಪ್ಪಗಿದ್ದರೆ ಗೇರ್ ಬಾಕ್ಸಿನದು, ಇಲ್ಲವೇ ಹಿಂದಿನ ಚೈನಿನದು. ಕಾರ್ಬೊರೇಟರಿನಿಂದ ಜಿನುಗಿದ ಪೆಟ್ರೋಲು ಧೂಳಿನ ಜೊತೆ ಸೇರಿದರೂ ದೂರಕ್ಕೆ ಎಣ್ಣೆಯ ಹಾಗೆಯೇ ಕಾಣುತ್ತದೆ.

ಇಂಜಿನಿನ ಉಸಿರು

ಬಹಳ ಜನರು ಗಮನಿಸದ ಕಾರಣವೊಂದಿದೆ. ಅದನ್ನೇ ಮೊದಲು ನೋಡತಕ್ಕದ್ದು. ಪಿಸ್ಟನ್ನು ಒಂದು ಸಲ ಕೆಳಗಿಳಿದರೆ 346 ಸಿ.ಸಿ.ಯಷ್ಟು ಜಾಗವನ್ನು ಕ್ರ್ಯಾಂಕ್ ಕೇಸಿನ ಕಡೆಯಿಂದ ತೆಗೆದುಕೊಳ್ಳುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವ ಇಂಜಿನಿನಲ್ಲಿ ಇದು ಸೆಕೆಂಡಿಗೆ 50 ಸಲ ನಡೆಯುತ್ತದೆ. ಕೆಳಗಿದ್ದ ಗಾಳಿ ಎಲ್ಲಿಗೆ ಹೋಗಬೇಕು? ಅದಕ್ಕಾಗಿಯೇ ಬ್ರೀದರ್ ಇಟ್ಟಿದ್ದಾರೆ. ಬಾತುಕೋಳಿಯ ಕೊಕ್ಕಿನಂಥ ರಬ್ಬರಿನ ತುಟಿ ಗಾಳಿಯನ್ನು ಹೊರಗೆ ಬಿಡುತ್ತದೆ, ಒಳಗೆ ಬಿಡುವುದಿಲ್ಲ. ಹೀಗೆ ಒಳಗಿನ ಒತ್ತಡ ಕಡಿಮೆ ಇರುವುದರಿಂದ ಎಣ್ಣೆ ಒಳಗೇ ನಿಲ್ಲುತ್ತದೆ.

ಆ ರಬ್ಬರು ಗಟ್ಟಿಯಾಗಿ ಸೀಳಿದ್ದರೆ, ಕೊಳವೆಯಲ್ಲಿ ಮಣ್ಣು ಕಟ್ಟಿದ್ದರೆ, ಜೋಡಿಸುವಾಗ ಪೈಪು ಮಡಚಿಕೊಂಡಿದ್ದರೆ, ಗಾಳಿಗೆ ದಾರಿ ಇರುವುದಿಲ್ಲ. ದಾರಿ ಇಲ್ಲದ ಗಾಳಿ ಅತ್ಯಂತ ಬಲಹೀನವಾದ ಕೂಡನ್ನು ಹುಡುಕಿಕೊಂಡು ಎಣ್ಣೆಯ ಸಮೇತ ಹೊರಬರುತ್ತದೆ. ಇಂದು ರಾಕರ್ ಕವರನ್ನು ಸರಿಪಡಿಸಿದರೆ ನಾಳೆ ಟ್ಯಾಪೆಟ್ ಕವರು, ನಾಡಿದ್ದು ಆಯಿಲ್ ಸೀಲು. ಒಂದೇ ಗಾಡಿಯಲ್ಲಿ ನಾಲ್ಕಾರು ಕಡೆ ಒಟ್ಟಿಗೆ ಸೋರುತ್ತಿದ್ದರೆ ನಾಲ್ಕಾರು ಪ್ಯಾಕಿಂಗುಗಳು ಒಂದೇ ದಿನ ಕೆಟ್ಟವೆಂದು ಹೇಳಬೇಡಿ, ಉಸಿರು ಕಟ್ಟಿದೆಯೇ ನೋಡಿ. ಬ್ರೀದರ್ ಪೈಪಿನ ತುದಿಗೆ ಅಂಗೈ ಹಿಡಿದರೆ ಗಾಳಿಯ ಹೊಡೆತ ತಿಳಿಯಬೇಕು. ಪೈಪನ್ನು ಬಿಚ್ಚಿ ತೊಳೆಯಿರಿ. ರಬ್ಬರಿನ ಬೆಲೆ ಅಲ್ಪ, ಹೊಸದನ್ನೇ ಹಾಕಿ.

ಬ್ರೀದರ್ ಸರಿಯಿದ್ದೂ ಬಹಳ ಹೊಗೆಯ ಸಮೇತ ಗಾಳಿ ನುಗ್ಗುತ್ತಿದ್ದರೆ, ಸುಡುವ ಅನಿಲ ರಿಂಗುಗಳನ್ನು ದಾಟಿ ಕೆಳಗೆ ಬರುತ್ತಿದೆ ಎಂದರ್ಥ. ಹೊಸ ರಿಂಗುಗಳು ಹೊಸ ಬೋರಿಗೆ ಹೊಂದಿಕೊಳ್ಳಲು ಸ್ವಲ್ಪ ಓಟ ಬೇಕು. ಅದಕ್ಕೆ ಕಾಯಬೇಕು. ಆಮೇಲೂ ನಿಲ್ಲದಿದ್ದರೆ ಕಂಪ್ರೆಶನ್ ಗೇಜು ಇಟ್ಟು ನೋಡಿ. ಪ್ಲಗ್ಗಿನ ತೂತಿನಲ್ಲಿ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿ. ಎಣ್ಣೆ ಬಿಟ್ಟ ಮೇಲೆ ಗೇಜಿನ ಮುಳ್ಳು ಚೆನ್ನಾಗಿ ಏರಿದರೆ ದೋಷ ರಿಂಗು ಅಥವಾ ಬೋರಿನದು. ಹೊರಗಿನ ಅಂಟಿನಿಂದ ಅದು ವಾಸಿಯಾಗುವುದಿಲ್ಲ.

ಎಣ್ಣೆ ಹೆಚ್ಚು ತುಂಬಿದರೂ ಇದೇ ತೊಂದರೆ. ಬುಲೆಟ್ಟಿನ ಎಣ್ಣೆಯ ಕೋಣೆ ಕ್ರ್ಯಾಂಕ್ ಕೇಸಿನ ಎರಕದೊಳಗೇ ಇದೆ. ಒಂದು ಪಂಪು ಅಲ್ಲಿಂದ ಎಣ್ಣೆ ಕಳುಹಿಸುತ್ತದೆ, ಇನ್ನೊಂದು ತಿರುಗಿ ತರುತ್ತದೆ. ಗಾಡಿ ಹಲವು ದಿನ ನಿಂತರೆ ಎಣ್ಣೆ ಪಂಪಿನ ಮೂಲಕ ಮೆಲ್ಲನೆ ಜಾರಿ ಫ್ಲೈವೀಲಿರುವ ಕೋಣೆಗೆ ಇಳಿದುಬಿಡುತ್ತದೆ. ಆಗ ಅಳತೆಯ ಕಡ್ಡಿ ಎದ್ದು ನೋಡಿದರೆ ಎಣ್ಣೆ ಕಡಿಮೆ ಕಾಣುತ್ತದೆ. ತಿಳಿಯದವನು ಮತ್ತೆ ತುಂಬುತ್ತಾನೆ. ಚಾಲೂ ಮಾಡಿದಾಗ ಸೈಲೆನ್ಸರಿನಿಂದ ನೀಲಿ ಹೊಗೆ, ಬ್ರೀದರಿನಿಂದ ಎಣ್ಣೆ! ಆದುದರಿಂದ ಇಂಜಿನನ್ನು ಕೆಲವು ನಿಮಿಷ ಓಡಿಸಿದ ಮೇಲೆಯೇ ಅಳತೆ ನೋಡಬೇಕು. ಮೇಲಿನ ಗೆರೆಯನ್ನು ದಾಟಿಸಬಾರದು. ಗಾಡಿಯ ಯಜಮಾನನಿಗೂ ಈ ಮಾತನ್ನು ತಿಳಿಸಿ ಕಳುಹಿಸಬೇಕು.

ಮೇಲಿನಿಂದ ಕೆಳಗೆ

ಉಸಿರು ಸರಿಯಿದೆ, ಅಳತೆ ಸರಿಯಿದೆ ಎಂದಮೇಲೆ ಕೂಡುಗಳನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ನೋಡಬೇಕು.

ಎಲ್ಲಕ್ಕಿಂತ ಮೇಲೆ ಎರಡು ರಾಕರ್ ಕವರುಗಳು. ಪ್ಯಾಕಿಂಗು ಹಳೆಯದಾಗಿ ಗಟ್ಟಿಯಾಗಿದೆಯೇ, ಕವರಿನ ಅಂಚು ಬಾಗಿದೆಯೇ ನೋಡಿ. ಅವುಗಳಿಗೆ ಎಣ್ಣೆ ತರುವ ಹೊರಗಿನ ಸಣ್ಣ ಪೈಪಿನ ಬಂಜೊ ಬೋಲ್ಟುಗಳಲ್ಲಿ ಎರಡು ಬದಿಗೂ ವಾಷರು ಇರಬೇಕು. ತಾಮ್ರದ ವಾಷರು ಒಮ್ಮೆ ಬಿಗಿದ ಮೇಲೆ ಗಡುಸಾಗುತ್ತದೆ. ಹೊಸದು ಸಿಕ್ಕದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಕರಿ ತೆಗೆದು ಹಾಕಿದರೆ ಮತ್ತೆ ಮೆತ್ತಗಾಗಿ ಕೂರುತ್ತದೆ. ಕಬ್ಬಿಣದ ಹಾಗಲ್ಲ ತಾಮ್ರ, ನೀರಿಗೆ ಹಾಕಿದರೆ ಗಡುಸಾಗುವುದಿಲ್ಲ.

ಅನಂತರ ಹೆಡ್ಡು ಮತ್ತು ಬ್ಲಾಕಿನ ಕೂಡು, ಬ್ಲಾಕಿನ ಬುಡದ ಕೂಡು. ಪುಶ್ ರಾಡುಗಳು ಬ್ಲಾಕಿನ ಎರಕದೊಳಗೇ ಹೋಗುವುದರಿಂದ ಆ ಬದಿಯ ಕೂಡಿನಲ್ಲಿಯೇ ಎಣ್ಣೆ ಜಿನುಗುವುದು ಹೆಚ್ಚು. ಅಲ್ಯೂಮಿನಿಯಂ ಬಿಸಿಗೆ ಹಿಗ್ಗುವುದು ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು. ಆದುದರಿಂದ ಬಿಚ್ಚಿ ಜೋಡಿಸಿದ ಇಂಜಿನು ಬಿಸಿಯಾಗಿ ತಣ್ಣಗಾದ ಮೇಲೆ ಹೆಡ್ಡಿನ ನಟ್ಟುಗಳನ್ನು ಮತ್ತೆ ನೋಡಲೇಬೇಕು. ಇಂಜಿನು ಪೂರ್ತಿ ತಣ್ಣಗಿರುವಾಗ ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಬಿಗಿದ ಮೇಲೆ ಟ್ಯಾಪೆಟ್ಟಿನ ಸಂದನ್ನು ಮರಳಿ ಸರಿಪಡಿಸಬೇಕು.

ಬಲಗಡೆ ಟ್ಯಾಪೆಟ್ ಕವರು, ಟೈಮಿಂಗ್ ಕವರು, ಎಣ್ಣೆ ಸೋಸುವ ಫಿಲ್ಟರಿನ ಮುಚ್ಚಳ. ಎಡಗಡೆ ಕ್ಲಚ್ಚಿನ ದೊಡ್ಡ ಕವರು. ಆ ದೊಡ್ಡ ಕವರನ್ನು ನಡುವಿನ ಒಂದೇ ನಟ್ಟು ಹಿಡಿದಿರುತ್ತದೆ, ಅಂಚಿನಲ್ಲಿ ರಬ್ಬರಿನ ಉಂಗುರವಿರುತ್ತದೆ. ಅಂಚಿನಲ್ಲಿ ಸೋರಿತೆಂದು ನಡುವಿನ ನಟ್ಟನ್ನು ಬಲವಾಗಿ ಬಿಗಿದರೆ ನಡುಭಾಗ ಒಳಕ್ಕೆ ತಗ್ಗಿ ಅಂಚು ಏಳುತ್ತದೆ. ಬಿಗಿದಷ್ಟೂ ಸೋರಿಕೆ ಹೆಚ್ಚು. ಕವರನ್ನು ಸಮ ಮಾಡಿ ಹೊಸ ರಬ್ಬರು ಹಾಕುವುದೇ ದಾರಿ. ಈ ಕವರಿನೊಳಗಿನ ಎಣ್ಣೆ ದಿನೇ ದಿನೇ ಏರುತ್ತಿದ್ದರೆ ಇಂಜಿನಿನ ಎಡಬದಿಯ ಶಾಫ್ಟಿನ ಸೀಲು ದಾಟಿ ಎಣ್ಣೆ ಬರುತ್ತಿದೆ ಎಂದು ತಿಳಿಯಿರಿ. ಹೊರಗೆ ಒಂದು ತೊಟ್ಟೂ ಕಾಣದ ಸೋರಿಕೆ ಇದು.

ಕೂಡಿಸುವ ರೀತಿ

ಈಗ ದುರಸ್ತಿಯ ಮಾತು. ಕೂಡು ನಿಲ್ಲುವುದು ಅಂಟಿನಿಂದಲ್ಲ, ಸಮವಾದ ಮುಖದಿಂದ. ಹಳೆಯ ಪ್ಯಾಕಿಂಗನ್ನು ಸ್ಕ್ರೂ ಡ್ರೈವರಿನಿಂದ ಕೆತ್ತಬಾರದು. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಒಂದು ಗೀರು ಬಿದ್ದರೆ ಎಣ್ಣೆಗೆ ಅದೇ ಕಾಲುವೆ. ತಿನ್ನರಿನಲ್ಲಿ ನೆನೆಸಿ, ಮರದ ಚಕ್ಕೆಯಿಂದ ತೆಗೆಯಿರಿ. ಸಣ್ಣ ಕವರುಗಳನ್ನು ದಪ್ಪ ಗಾಜಿನ ಮೇಲೆ ಹರಡಿದ ನುಣುಪು ಎಮರಿ ಕಾಗದದ ಮೇಲೆ ಎಣ್ಣೆ ಹಾಕಿ, ಕನ್ನಡದ '೮'ರ ಹಾಗಲ್ಲ, ನಂಬರ್ ಪ್ಲೇಟಿನಲ್ಲಿ ಬರೆಯುವ ಇಂಗ್ಲಿಷ್ ಎಂಟರ ಹಾಗೆ ತಿರುಗಿಸುತ್ತಾ ಉಜ್ಜಿ. ಮುಖವೆಲ್ಲ ಒಂದೇ ಬಣ್ಣಕ್ಕೆ ಬಂದರೆ ಸಮವಾಯಿತೆಂದು ಅರ್ಥ. ಎಮರಿಯ ಪುಡಿ ಒಂದು ಕಣವೂ ಉಳಿಯದಂತೆ ತೊಳೆಯಿರಿ. ಸ್ಟಡ್ಡಿನ ಸುತ್ತ ಲೋಹ ಎದ್ದು ನಿಂತಿದ್ದರೆ ಎಷ್ಟು ಬಿಗಿದರೂ ಪ್ಯಾಕಿಂಗು ಕೂರುವುದಿಲ್ಲ. ಆ ಏರನ್ನು ಮೊದಲು ತೆಗೆಯಬೇಕು.

ಪ್ಯಾಕಿಂಗು ಕೈಯಲ್ಲೇ ಕತ್ತರಿಸುವುದಾದರೆ ಕವರಿನ ಅಂಚಿಗೆ ಸುತ್ತಿಗೆಯಿಂದ ತಟ್ಟಿ ಕತ್ತರಿಸುವ ಅಭ್ಯಾಸ ಬಿಡಿ, ಅಂಚು ಮಡಚಿಕೊಳ್ಳುತ್ತದೆ. ಗುರುತು ತೆಗೆದು ಕತ್ತರಿಯಿಂದಲೇ ಕತ್ತರಿಸಿ. ಎಣ್ಣೆ ಹೋಗುವ ತೂತು ಮುಚ್ಚಿಹೋಗದಂತೆ ಎರಡು ಸಲ ನೋಡಿ.

ಆಯಿಲ್ ಸೀಲು ಹಾಕುವಾಗ ಸ್ಪ್ರಿಂಗಿರುವ ಮುಖ ಎಣ್ಣೆಯ ಕಡೆಗಿರಬೇಕು. ತುಟಿಗೆ ಎಣ್ಣೆ ಸವರಿ. ಶಾಫ್ಟಿನ ಕೀಲಿಯ ಗಾಡಿಗೆ ತೆಳುವಾದ ಟೇಪು ಸುತ್ತಿ ದಾಟಿಸಿ, ಇಲ್ಲವಾದರೆ ಹೊಸ ಸೀಲು ಹಾಕುವಾಗಲೇ ಹರಿಯುತ್ತದೆ. ಶಾಫ್ಟಿನ ಮೇಲೆ ಉಗುರಾಡಿಸಿ ನೋಡಿ. ಹಳೆಯ ಸೀಲು ಸವೆಸಿದ ಗೀರು ಉಗುರಿಗೆ ಸಿಕ್ಕಿದರೆ ಹೊಸ ಸೀಲೂ ಅಲ್ಲಿ ನಿಲ್ಲದು. ಜಾಗವಿದ್ದರೆ ಸ್ವಲ್ಪ ಹಿಂದೆ ಮುಂದೆ ಕೂರಿಸಿ. ಬೇರಿಂಗೇ ಸಡಿಲವಾಗಿ ಶಾಫ್ಟು ಅಲ್ಲಾಡುತ್ತಿದ್ದರೆ ಸೀಲಿನ ಮೇಲೆ ತಪ್ಪು ಹೊರಿಸಬೇಡಿ.

ಇನ್ನು ಅಂಟು. ಇದನ್ನು ನಾವು ಒತ್ತಿ ಹೇಳುತ್ತೇವೆ. ಸಿಲಿಕೋನ್ ಅಂಟನ್ನು ದಪ್ಪಗೆ ಹಚ್ಚಿದರೆ ಬಿಗಿದಾಗ ಹೊರಗೆ ಎಷ್ಟು ಉಬ್ಬಿ ಬರುತ್ತದೋ ಒಳಗೂ ಅಷ್ಟೇ ಉಬ್ಬುತ್ತದೆ. ಹೊರಗಿನದು ನಮಗೆ ಕಾಣುತ್ತದೆ, ಒಳಗಿನದು ಕಾಣುವುದಿಲ್ಲ. ಅದು ತುಂಡಾಗಿ ಎಣ್ಣೆಯಲ್ಲಿ ತೇಲಿ, ಎಣ್ಣೆ ಹೋಗುವ ಸಣ್ಣ ದಾರಿಗೆ ಸಿಕ್ಕಿಕೊಂಡರೆ ಬಿಗ್ ಎಂಡ್ ಬೇರಿಂಗಿಗೆ ಎಣ್ಣೆ ಇಲ್ಲ. ಸೋರಿಕೆ ನಿಂತಿತೆಂದು ನಾವು ಸಂತೋಷಪಡುವಷ್ಟರಲ್ಲಿ ಇಂಜಿನು ಹೋಗಿರುತ್ತದೆ. ಪ್ಯಾಕಿಂಗು ಇರುವ ಕಡೆ ಅಂಟು ಬೇಡವೇ ಬೇಡ ಎನ್ನುವಷ್ಟು ಕಡಿಮೆ ಸಾಕು. ಕ್ರ್ಯಾಂಕ್ ಕೇಸಿನ ಎರಡು ಅರ್ಧಗಳು ಕೂಡುವ ಕಡೆ ಬೆರಳಿನಿಂದ ತೆಳ್ಳಗೆ ಸವರಿದರೆ ಸಾಕು.

ಜೋಡಿಸಿದ ಮೇಲೆ ಎಣ್ಣೆ ಮೇಲಕ್ಕೆ ಏರುತ್ತಿದೆಯೇ ನೋಡದೆ ಗಾಡಿ ಕೊಡಬಾರದು. ಇಂಜಿನು ಮೆಲ್ಲಗೆ ಓಡುತ್ತಿರುವಾಗ ರಾಕರಿನ ಪೈಪಿನ ಬಂಜೊ ಬೋಲ್ಟನ್ನು ಸ್ವಲ್ಪ ಸಡಿಲಿಸಿ. ಎಣ್ಣೆ ಜಿನುಗಿದರೆ ಸರಿ. ಜಿನುಗದಿದ್ದರೆ ಕೂಡಲೇ ಇಂಜಿನು ನಿಲ್ಲಿಸಿ ಕಾರಣ ಹುಡುಕಿ.

ಕೂಲಿಯ ಮಾತು

ಅಣ್ಣತಮ್ಮಂದಿರೇ, ಕೊನೆಯದಾಗಿ ಕೂಲಿಯ ಮಾತು. ಬಿಚ್ಚಿ ಜೋಡಿಸಿದ ಗಾಡಿ ಸೋರಿ ತಿರುಗಿ ಬಂದರೆ ಕೆಲವು ಶೆಡ್ಡುಗಳಲ್ಲಿ ವಿಚಾರಣೆಯೇ ಇಲ್ಲ. ಹೊಸದಾಗಿ ಸೇರಿದ ಸಹಾಯಕನ ಮೇಲೆ ತಪ್ಪು ಹೊರಿಸಿ ವಾರದ ಕೂಲಿಯಲ್ಲಿ ಹಿಡಿಯುತ್ತಾರೆ. ಅವನು ಬಿಗಿದ ಬೋಲ್ಟು ಸರಿಯಾಗಿಯೇ ಇರಬಹುದು. ಗಾಡಿಯ ಯಜಮಾನ ಹೊಸ ಸೀಲಿಗೆ ಹಣ ಕೊಡಲು ಒಪ್ಪದೆ ಹಳೆಯದನ್ನೇ ಹಾಕಿಸಿರಬಹುದು. ಬ್ರೀದರ್ ಕಟ್ಟಿರಬಹುದು. ಲೇತಿನಲ್ಲಿ ಬೋರು ಸರಿಯಾಗಿ ಬಂದಿಲ್ಲದಿರಬಹುದು. ಕಾರಣ ಹುಡುಕದೆ ಅಂಟು ಮೆತ್ತುವುದೂ ಕಾರಣ ಹುಡುಕದೆ ಕೂಲಿ ಹಿಡಿಯುವುದೂ ಒಂದೇ ಬಗೆಯ ಕೆಲಸ.

ಕಾನೂನು ಕೂಡ ಇದನ್ನು ಒಪ್ಪುವುದಿಲ್ಲ. ನಷ್ಟಕ್ಕಾಗಿ ಕೂಲಿಯಲ್ಲಿ ಹಿಡಿಯಬೇಕಾದರೆ ಆ ನಷ್ಟ ನೇರವಾಗಿ ಕೆಲಸಗಾರನ ಅಲಕ್ಷ್ಯದಿಂದಲೇ ಆಗಿರಬೇಕು, ಹಿಡಿಯುವ ಮೊದಲು ಅವನಿಗೆ ತನ್ನ ಸಮಾಧಾನ ಹೇಳಲು ಅವಕಾಶ ಕೊಡಬೇಕು ಎಂದು 1936ರ ವೇತನ ಪಾವತಿ ಕಾಯಿದೆಯಲ್ಲಿತ್ತು. 2019ರ ವೇತನ ಸಂಹಿತೆಯಲ್ಲಿಯೂ ಆ ನಿಯಮ ಉಂಟು. ಅವಕಾಶ ಸಿಕ್ಕಾಗ ಹೇಳಲು ನಮ್ಮ ಕೈಯಲ್ಲಿ ಏನಾದರೂ ಇರಬೇಕಲ್ಲವೇ? ಆದುದರಿಂದ ಪ್ರತಿಯೊಂದು ಇಂಜಿನಿಗೂ ಒಂದು ಹಾಳೆ ಬರೆದಿಡಿ. ಬಂದಾಗ ಎಲ್ಲೆಲ್ಲಿ ಸೋರುತ್ತಿತ್ತು, ಯಾವ ಸೀಲು ಹೊಸದು, ಯಾವುದು ಹಳೆಯದೇ ಉಳಿಯಿತು, ಬೇಡವೆಂದವರು ಯಾರು, ಎಷ್ಟು ಎಣ್ಣೆ ಹಾಕಲಾಯಿತು, ಎಷ್ಟು ಮೈಲಿ ಓಡಿಸಿ ನೋಡಲಾಯಿತು. ಗಾಡಿಯ ಯಜಮಾನನ ಸಹಿ ಹಾಕಿಸಿಕೊಳ್ಳಿ. ಶಾಲೆ ಹೆಚ್ಚು ಓದಿಲ್ಲವೆಂದು ಹಿಂಜರಿಯಬೇಡಿ. ಹತ್ತು ಸಾಲು ಕನ್ನಡದಲ್ಲಿ ಬರೆದರೆ ಸಾಕು.

ಹಿರಿಯ ಮೇಸ್ತ್ರಿಗಳಲ್ಲಿಯೂ ಒಂದು ವಿಜ್ಞಾಪನೆ. ತಿರುಗಿ ಬಂದ ಗಾಡಿಯನ್ನು ಕಂಡಾಗ ಹುಡುಗರನ್ನು ಬೈದು ದೂರ ಕಳುಹಿಸಬೇಡಿ. ಹತ್ತಿರ ಕರೆಯಿರಿ. ತೊಳೆಯುವುದು, ಪುಡಿ ಉದುರಿಸುವುದು, ಮೊದಲ ಕಪ್ಪು ಗೆರೆ ಕಂಡುಹಿಡಿಯುವುದು ಅವರ ಕೈಯಿಂದಲೇ ಆಗಲಿ. ಕಾರಣವನ್ನು ತಾನೇ ಕಂಡ ಹುಡುಗ ಅದನ್ನು ಮರೆಯುವುದಿಲ್ಲ. ನಾಳೆ ಅವನು ಜೋಡಿಸಿದ ಗಾಡಿ 27 ತಿರುವುಗಳನ್ನು ಇಳಿದು ಸುಖವಾಗಿ ಊರು ಸೇರುತ್ತದೆ.